ಬಟ್ಟೆ, ಕೋಲು, ಗೂಟ

ಗುಡಾರದಕ್ಕನ ಅಂಗಡಿಗೆ ಬಂದವರಿಗೆ ಮೊದಲು ಸಿಗುತ್ತಿದ್ದದ್ದು ಅವಮಾನ, ಆಮೇಲೆ ಉಪಕಾರ. ಅವಮಾನ ತಡೆಯಲಾರದೆ ಬಾಗಿಲಿಂದಲೇ ಹಿಂದಿರುಗಿದವರಿಗೆ ಉಪಕಾರ ದಕ್ಕಲಿಲ್ಲ, ಅಷ್ಟೇ.

ರಜೆ ಹತ್ತಿರ ಬಂದಾಗ ಯಾರಾದರೊಬ್ಬರು ಕಾರನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ, ಇಂಜಿನ್ನೂ ಆರಿಸದೆ ಇಳಿದು, "ನಾಲ್ಕು ಜನ ಮಲಗೋ ಅಂಥ ಒಂದು ಗುಡಾರ ಬಾಡಿಗೆಗೆ ಕೊಡಿ, ಸ್ವಲ್ಪ ಬೇಗ" ಅನ್ನುತ್ತಿದ್ದರು. ಅವಳು ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಕೇಳುತ್ತಿದ್ದಳು, "ಮಿಕ್ಕ ಮೂರು ಜನ ಎಲ್ಲಿ?"

"ಮನೇಲಿದಾರೆ."

"ಕರ್ಕೊಂಡು ಬನ್ನಿ. ಮಲಗೋರು ನಾಲ್ಕು ಜನ ಅಂದ್ರೆ ಕಟ್ಟೋರೂ ನಾಲ್ಕು ಜನ."

"ಅಲ್ಲಿ ಹೋಗಿ ಕಟ್ಕೋತೀವಿ ಬಿಡಿ ಅಕ್ಕ, ಅದರಲ್ಲೇನು ವಿದ್ಯೆ ಇದೆ?"

"ವಿದ್ಯೆ ಇಲ್ಲ ಅಂದ್ಮೇಲೆ ಇಲ್ಲೇ ಕಟ್ಟಿಬಿಡಿ. ನೋಡಿ ಕಣ್ಣು ತಂಪು ಮಾಡ್ಕೋತೀನಿ."

ಅಂಗಡಿಯ ಹಿಂದೆ ಗೋಡೆ ಕಟ್ಟಿದ ಒಂದು ಅಂಗಳ. ಅರ್ಧ ಗಾರೆ, ಅರ್ಧ ಮಣ್ಣು. ಸಂಸಾರವೆಲ್ಲ ಅಲ್ಲಿ ನಿಂತು, ಅವಳ ಕಣ್ಣೆದುರಿಗೆ ಗುಡಾರ ಎಬ್ಬಿಸಿ ತೋರಿಸಬೇಕು. ಇದಕ್ಕೆ ಅವಳು ತಾಲೀಮು ಅನ್ನುತ್ತಿದ್ದಳು. ಮಗುಚಿ ಹಾಕಿದ ಡ್ರಮ್ಮಿನ ಮೇಲೆ ಕಾಲು ಇಳಿಬಿಟ್ಟು ಕೂತು ನೋಡುವಳೇ ಹೊರತು ಕೈ ಹಾಕುತ್ತಿರಲಿಲ್ಲ. ಗಂಡ ಕೋಲನ್ನು ಹಿಂದುಮುಂದಾಗಿ ತೂರಿಸುವನು, ಹೆಂಡತಿ "ನಾನು ಆಗಲೇ ಹೇಳಿದ್ದೆ" ಅನ್ನುವಳು, ಮಕ್ಕಳು ಬಟ್ಟೆಯೊಳಗೆ ನುಗ್ಗಿ ದಾರಿ ಸಿಗದೆ ಕಿರುಚುವರು. ಎಲ್ಲ ಮುಗಿದು ಗುಡಾರ ಹೇಗೋ ನಿಂತಿತು ಅನ್ನುವಾಗ ಅವಳು ಎದ್ದು, ನಲ್ಲಿಯ ಪೈಪು ಹಿಡಿದು, ಮೇಲಿನಿಂದ ಧಾರಾಳವಾಗಿ ನೀರು ಬಿಡುವಳು. ಒಳಗಿದ್ದವರು ಹೊರಗೆ ಬರುವಂತಿಲ್ಲ. ಎಲ್ಲಿ ಸೋರುತ್ತದೆ ಎಂದು ಒಳಗಿಂದಲೇ ಕೂಗಿ ಹೇಳಬೇಕು.

"ಕೆಳಗೆ ಹಾಸಿರೋ ಪ್ಲಾಸ್ಟಿಕ್ ಹಾಳೆ ಗುಡಾರದ ಅಂಚಿಗಿಂತ ಒಂದು ಗೇಣು ಒಳಗಿರಲಿ. ಆಚೆ ಇಣುಕಿದ್ರೆ ಮಳೆ ನೀರನ್ನ ಕರ್ಕೊಂಡು ಬಂದು ಮಕ್ಕಳ ಬೆನ್ನ ಕೆಳಗೆ ಮಲಗಿಸುತ್ತೆ." "ಗೂಟದ ತಲೆ ಆಚೆಗೆ ವಾಲಬೇಕು ಸ್ವಾಮಿ, ಗುಡಾರಕ್ಕೆ ನಮಸ್ಕಾರ ಮಾಡಬಾರದು." "ಹೊದಿಯೋಕೆ ಇನ್ನೊಂದು ಕಂಬಳಿ ಬೇಡ, ಹಾಸೋಕೆ ತಗೊಳ್ಳಿ. ಚಳಿ ಬರೋದು ನೆಲದಿಂದ, ಆಕಾಶದಿಂದಲ್ಲ." ಹೀಗೆ ಡ್ರಮ್ಮಿನ ಮೇಲಿಂದ ಒಂದೊಂದೇ ಮಾತು ಬೀಳುತ್ತಿತ್ತು. ಪಕ್ಕದ ಅಂಗಡಿ ನನ್ನದು, ಒಲೆ ರಿಪೇರಿ. ಮೂವತ್ತು ವರ್ಷ ಗೋಡೆಯಾಚೆ ಕೂತು ಕೇಳಿದ ನನಗೆ ಆ ಮಾತುಗಳು ಬಾಯಿಪಾಠ.

ಕೊನೆಗೆ ಹೊರಡುವಾಗ ಲೆಕ್ಕ ಒಪ್ಪಿಸುವುದು. ಒಂದು ಗುಡಾರಕ್ಕೆ ಮೂರು ಚೀಲ: ಬಟ್ಟೆಯದೊಂದು, ಕೋಲಿನದೊಂದು, ಗೂಟದ್ದೊಂದು. ಒಟ್ಟಿಗೆ ತುಂಬಿದರೆ ಕೋಲಿನ ತುದಿ ಬಟ್ಟೆಯನ್ನು ತಿವಿಯುತ್ತದೆ, ಗೂಟದ ಮಣ್ಣು ಬಟ್ಟೆಗೆ ಹತ್ತಿ ಬೂಷ್ಟು ಹಿಡಿಯುತ್ತದೆ. ಬಾಗಿಲಲ್ಲಿ ನಿಂತು ಅವಳು "ಬಟ್ಟೆ?" ಅನ್ನಬೇಕು, ಅವರು "ಇದೆ" ಅನ್ನಬೇಕು. "ಬಾಯಿ ಹೇಳೋದು ಬೇಡ, ಕೈ ತೋರಿಸಲಿ" ಎಂದು ಚೀಲದ ದಾರ ಬಿಚ್ಚಿಸಿ ನೋಡುವಳು. ದೊಡ್ಡ ಅಧಿಕಾರಿಯಾದರೂ ಸರಿ, ಡಾಕ್ಟರಾದರೂ ಸರಿ, ಅವಳ ಬಾಗಿಲಲ್ಲಿ ಶಾಲೆಯ ಮಕ್ಕಳ ಹಾಗೆ ಒಪ್ಪಿಸಿಯೇ ಹೋಗಬೇಕಿತ್ತು.

ಈ ಕಸುಬು ಅವಳಿಗೆ ಯಾರೂ ಕಲಿಸಿದ್ದಲ್ಲ. ಹದಿನೈದನೇ ವಯಸ್ಸಿಗೆ ಲಾರಿಗಳ ಟಾರ್ಪಾಲು ಹೊಲಿಯುವ ಕಾರ್ಖಾನೆಯಲ್ಲಿ ನೆಲದ ಮೇಲೆ ಕೂತು, ಅಂಗೈಗೆ ಚರ್ಮದ ತುಂಡು ಕಟ್ಟಿಕೊಂಡು ದಬ್ಬಳ ದೂಡಿದವಳು. ಅಲ್ಲಿಗೆ ಟಾರ್ಪಾಲು ಒಯ್ಯಲು ಬರುತ್ತಿದ್ದ ಒಬ್ಬ ಲಾರಿ ಡ್ರೈವರನನ್ನೇ ಮದುವೆಯಾದಳು. ಮಗಳಿಗೆ ಎಂಟು ವರ್ಷವಾಗಿದ್ದಾಗ ಆತ ಜ್ವರದಲ್ಲಿ ತೀರಿಹೋದ. ಒಂದು ಹಳೆಯ ಯಂತ್ರ, ಆತನ ಲಾರಿಯ ಒಂದು ಹಗ್ಗ, ಮಗಳು. ಇಷ್ಟು ಇಟ್ಟುಕೊಂಡು ನನ್ನ ಪಕ್ಕದ ಮಳಿಗೆಗೆ ಬಂದಳು. "ಅಣ್ಣ, ಇಲ್ಲಿ ಕೂತ್ರೆ ಹೊಟ್ಟೆ ತುಂಬುತ್ತಾ?" ಅಂತ ಕೇಳಿದಳು. "ಹೊಟ್ಟೆ ಎಷ್ಟು ದೊಡ್ಡದು ಅನ್ನೋದರ ಮೇಲೆ ಇದೆ ತಂಗಿ" ಅಂದೆ. ಅಂದಿನಿಂದ ನಾನು ಅಣ್ಣ.

ಸೋರುವ ಗುಡಾರಗಳನ್ನು ಜನ ತಂದು ಹಾಕುತ್ತಿದ್ದರು. ಅವಳು ಬಿಚ್ಚಿ ನೋಡಿದಳು. ಗುಡಾರದ್ದೇನೂ ತಪ್ಪಿರಲಿಲ್ಲ. ಹಸಿಯಾಗಿ ಸುತ್ತಿಟ್ಟವರ ತಪ್ಪು, ಎಳೆಯಬಾರದ ಕಡೆ ಎಳೆದವರ ತಪ್ಪು. "ಇವರಿಗೆ ಹೊಲಿಗೆ ಹಾಕಿಕೊಟ್ಟು ಪ್ರಯೋಜನ ಇಲ್ಲ ಅಣ್ಣ, ಬುದ್ಧಿ ಹಾಕಿಕೊಡಬೇಕು" ಎಂದಳು. ಹಾಗೆ ಹುಟ್ಟಿದ್ದು ಬಾಡಿಗೆ ಗುಡಾರ, ತಾಲೀಮು, ಲೆಕ್ಕ ಒಪ್ಪಿಸುವುದು ಎಲ್ಲ.

ಆದರೆ ಊರ ಮಕ್ಕಳಿಗೆ ರಜೆ ಅಂದರೆ ಅವಳಿಗೆ ಸುಗ್ಗಿ, ಅವಳ ಮಗಳಿಗೆ ಗೇಯ್ಮೆ. ಹಿಂದಿರುಗಿ ಬಂದ ಗುಡಾರಗಳನ್ನು ಅಂಗಳದಲ್ಲಿ ಹರವಿ, ಒದರಿ, ಒರೆಸಿ, ಒಣಗಿಸುವುದು ಆ ಹುಡುಗಿಯ ಪಾಲಿಗೆ ಬಂದಿತ್ತು. ಒಂದು ಸಲ ಶಾಲೆಯಲ್ಲಿ 'ರಜೆಯಲ್ಲಿ ನಾನು ಹೋದ ಜಾಗ' ಎಂದು ಬರೆಯಲು ಹೇಳಿದರಂತೆ. ಅವಳು ಸಮುದ್ರದ ದಂಡೆಯ ಬಗ್ಗೆ ಬರೆದಳು, ಕಾಡಿನ ಬಗ್ಗೆ ಬರೆದಳು, ನದಿಯ ಬಗ್ಗೆ ಬರೆದಳು. ಒಂದು ಗುಡಾರದಿಂದ ಮರಳು ಉದುರಿತ್ತು, ಇನ್ನೊಂದರಿಂದ ಸೂಜಿಯಂಥ ಎಲೆ, ಮತ್ತೊಂದರಿಂದ ಶಂಖದ ಹುಳುವಿನ ಚಿಪ್ಪು. ಉದುರಿದ್ದನ್ನು ನೋಡಿ ಊಹಿಸಿ ಬರೆದದ್ದು. ಟೀಚರು ಭೇಷ್ ಅಂದು ಎಲ್ಲರೆದುರು ಓದಿಸಿದರು. ಮನೆಗೆ ಬಂದವಳು ಎರಡು ದಿನ ಅಮ್ಮನ ಜೊತೆ ಮಾತಾಡಲಿಲ್ಲ.

ಆ ಎರಡು ದಿನದ ಮೌನ ದೊಡ್ಡವಳಾದ ಮೇಲೂ ಪೂರ್ತಿ ಹೋಗಿರಲಿಲ್ಲ. ಓದಿದಳು, ರಕ್ತ ಪರೀಕ್ಷೆ ಮಾಡುವ ಕಡೆ ಕೆಲಸ ಹಿಡಿದಳು, ಬೇರೆ ಊರಿಗೆ ಮದುವೆಯಾಗಿ ಹೋದಳು. ವರ್ಷಕ್ಕೆ ಎರಡು ಸಲ ಬರುವಳು, ಬಂದರೆ ಕುರ್ಚಿಯ ತುದಿಯಲ್ಲಿ ಕೂತು ಬ್ಯಾಗನ್ನು ತೊಡೆಯಿಂದ ಕೆಳಗಿಳಿಸಳು. ಅಂಗಡಿಯ ಫೋನು ಬಡಿದುಕೊಳ್ಳುವುದು, ಅಮ್ಮ ಎದ್ದು ಹೋಗುವಳು, ಮಗಳು ಗಡಿಯಾರ ನೋಡುವಳು. ಗುಡಾರದಕ್ಕ ಒಮ್ಮೆ ನನ್ನ ಹತ್ತಿರ ಅಂದಳು, "ಅವಳು ಬರೋದು ನನ್ನ ನೋಡೋಕಲ್ಲ ಅಣ್ಣ, ಬಂದಿದ್ದೆ ಅನ್ನಿಸ್ಕೊಳ್ಳೋಕೆ."

ಗಂಟು ಸಡಿಲಿಸಿದ್ದು ಮೊಮ್ಮಗಳು. ಆರು ವರ್ಷದ ಅವಳನ್ನು ಎಲ್ಲರೂ ಪಟಾಕಿ ಅನ್ನುತ್ತಿದ್ದರು, ಯಾಕೆಂದು ಕೇಳುವ ಅಗತ್ಯವಿರಲಿಲ್ಲ. "ಅಜ್ಜಿ, ಎಲ್ಲರಿಗೂ ಗುಡಾರ ಕೊಡ್ತೀಯಾ, ನನಗ್ಯಾಕೆ ಕೊಡಲ್ಲ?" ಎಂದು ಫೋನಿನಲ್ಲಿ ದಬಾಯಿಸಿದಳು. ಆ ಕಡೆಯಿಂದ ಮಗಳು ಫೋನು ಕಿತ್ತುಕೊಂಡು, "ಎರಡು ದಿನ ಬರ್ತೀವಿ. ನಿನ್ನ ಫೋನು ಅಂಗಡೀಲೇ ಇರಬೇಕು. ಈ ಸಲಾನೂ ಅಂಗಡಿ ಅಡ್ಡ ಬಂದ್ರೆ ಇನ್ನು ಕರೀಬೇಡಮ್ಮ ನನ್ನ" ಎಂದಳು.

ಆ ಮಾತನ್ನು ಗುಡಾರದಕ್ಕ ನನಗೆ ಹೇಳುವಾಗ ಕೈಯಲ್ಲಿದ್ದ ಕತ್ತರಿ ಸುಮ್ಮನೆ ಗಾಳಿ ಕತ್ತರಿಸುತ್ತಿತ್ತು.

ಹದಿನೈದು ದಿನ ಕೂತು ಹೊಸ ಗುಡಾರವನ್ನೇ ಹೊಲಿದಳು. ಗಟ್ಟಿ ಹತ್ತಿಯ ಬಟ್ಟೆ, ಜೋಡಿ ಹೊಲಿಗೆ. ಒಬ್ಬೊಬ್ಬರಿಗೂ ನೀರು ಇಳಿಯದ ಒಂದೊಂದು ಒಣ ಚೀಲ: ಒಳಗೆ ಒಂದು ಜೊತೆ ಬಟ್ಟೆ, ಉಣ್ಣೆಯ ಕಾಲುಚೀಲ, ಚಿಕ್ಕ ಟಾರ್ಚು. ಬಾಯಿಗೆ ಬೇರೆ ಬೇರೆ ಬಣ್ಣದ ದಾರ. ಪಟಾಕಿಯ ಕೊರಳಿಗೆ ಒಂದು ಪೀಪಿ. ದಾರಿ ತಪ್ಪಿದರೆ ನಿಂತಲ್ಲೇ ನಿಂತು ಮೂರು ಸಲ ಊದಬೇಕು. ಬೆಂಕಿಪೊಟ್ಟಣ ಬಿಗಿ ಮುಚ್ಚಳದ ಡಬ್ಬಿಯೊಳಗೆ. "ಒಲೆ ನಿಂದು, ನೀನೂ ಬಾ ಅಣ್ಣ" ಎಂದಾಗ ನಾನು ಬೇಡ ಅನ್ನಲಿಲ್ಲ. ಚಿಕ್ಕ ಒಲೆಯನ್ನು ಮೂರು ಸಲ ಹಚ್ಚಿ ಆರಿಸಿ ನೋಡಿಟ್ಟೆ.

ಇಷ್ಟೆಲ್ಲ ಮಾಡಿದಳು, ಒಬ್ಬರನ್ನೂ ಮುಟ್ಟಗೊಡಲಿಲ್ಲ. ಮಗಳು ಬಂದಿಳಿದು "ಏನಾದ್ರೂ ಮಾಡ್ಲಾ?" ಅಂದರೆ "ನೀನು ಕೂತ್ಕೋ, ಆಯಾಸ ಆಗಿರುತ್ತೆ." ಅಳಿಯ ಒಂದು ಚೀಲ ಎತ್ತಿದರೆ "ಇಡಿ ಇಡಿ, ಅದರ ಜಾಗ ನನಗೆ ಗೊತ್ತು." ತಾಲೀಮಂತೂ ಇಲ್ಲವೇ ಇಲ್ಲ. ಪಟಾಕಿ ಪೈಪು ಹಿಡಿದು ನಿಂತು "ನೀರು ಬಿಡಲ್ವಾ ಅಜ್ಜಿ?" ಎಂದಾಗ, "ಅದು ಕಟ್ಟೋಕೆ ಬರದೇ ಇರೋರಿಗೆ ಪುಟ್ಟಿ, ನಿಮಗೆ ನಾನಿಲ್ವಾ?" ಎಂದಳು.

ಹೊರಡುವ ಬೆಳಿಗ್ಗೆ ನಾನೂ ಅಳಿಯನೂ ಸಾಮಾನು ಹೊತ್ತು ಕಾರಿಗೆ ತುಂಬಿದೆವು. ಅಳಿಯ ಬಲು ಸಾಧು ಮನುಷ್ಯ, ಕೆಮ್ಮುವುದಕ್ಕೂ ಅಪ್ಪಣೆ ಕೇಳುವ ಜಾತಿ. "ಅತ್ತೆ, ಬಟ್ಟೆ, ಕೋಲು, ಗೂಟ ಅಂತ ಏನೋ ಒಪ್ಪಿಸ್ಬೇಕಂತಲ್ಲ?" ಎಂದು ಮೆಲ್ಲಗೆ ಎತ್ತಿದ.

"ಅದು ಗಿರಾಕಿಗಳಿಗೆ ಅಳಿಯಂದಿರೇ. ನನ್ನ ಕೈಲೇ ಲೆಕ್ಕ ಒಪ್ಪಿಸ್ಕೋತೀರಾ?"

ಎಲ್ಲರೂ ನಕ್ಕೆವು. ಅವಳಿಗೆ ಯಾರು ಪಾಠ ಹೇಳುವುದು! ಫೋನನ್ನು ಎಲ್ಲರ ಕಣ್ಣಿಗೂ ಬೀಳುವ ಹಾಗೆ ಮೇಜಿನ ಖಾನೆಯೊಳಗಿಟ್ಟು ಬೀಗ ಹಾಕಿದಳು. ಮಗಳು ನೋಡಿದಳು, ಮುಖ ಸ್ವಲ್ಪ ಬಿಚ್ಚಿಕೊಂಡಿತು. ನಾವೆಲ್ಲ ಕಾರಿನಲ್ಲಿ ಕೂತೆವು. ಗುಡಾರದಕ್ಕ ಒಬ್ಬಳು ಶಟರು ಎಳೆದು ಬರಲು ಹಿಂದುಳಿದಳು. ಬರುವುದು ತಡವಾಯಿತು. ಮಗಳು ಕೈ ಚಾಚಿ ಎರಡು ಸಲ ಹಾರ್ನು ಹೊಡೆದಳು. ಅವಳು ಓಡೋಡಿ ಬಂದು ಕೂತಳು.

ಎರಡು ಗಂಟೆಯ ದಾರಿ. ಕೆರೆಯ ದಂಡೆ. ಗುಡಾರದಕ್ಕ ಮೊದಲು ತಲೆಯೆತ್ತಿ ಮರಗಳನ್ನು ನೋಡಿದಳು. ಒಣಗಿದ ಕೊಂಬೆಯ ಕೆಳಗೆ ಬೇಡ ಎಂದಳು. ನೀರು ಹರಿದ ಗುರುತಿದ್ದ ತಗ್ಗು ಬೇಡ ಎಂದಳು. ದಂಡೆಯಿಂದ ದೂರ, ಸ್ವಲ್ಪ ಎತ್ತರದ, ಹುಲ್ಲಿನ ಜಾಗ ಹಿಡಿದಳು. ಕಲ್ಲು ಆಯ್ದು, ಹಾಳೆ ಹಾಸಿ, ಬಟ್ಟೆಯ ಚೀಲ ಬಿಚ್ಚಿದಳು. ಗೂಟದ ಚೀಲ ಬಿಚ್ಚಿದಳು. ಆಮೇಲೆ ಕಾರಿನ ಹತ್ತಿರ ಹೋದಳು. ಬಂದಳು. ಮತ್ತೆ ಹೋದಳು. ಸೀಟಿನ ಕೆಳಗೆ ಕೈ ಹಾಕಿ ತಡಕಿದಳು. ಆಕಾಶದ ಒಂದು ಮೂಲೆ ಆಗಲೇ ಕಪ್ಪಾಗುತ್ತಿತ್ತು.

"ಏನಮ್ಮ?" ಎಂದಳು ಮಗಳು.

"ಕೋಲಿನ ಚೀಲ ಇಲ್ಲ."

"ಸಾಮಾನು ಹೊತ್ತು ಹಾಕಿದವನು ನಾನು. ನಾನೇ ಎಲ್ಲೋ ಬಿಟ್ಟಿರಬೇಕು, ಮುದಿ ತಲೆ" ಎಂದೆ. ಅವಳು ಹೂಂ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ತಪ್ಪು ನನ್ನ ತಲೆಗೆ ಬಂದು ಕೂರುತ್ತಿತ್ತು, ನನಗೂ ಬೇಜಾರಿರಲಿಲ್ಲ.

"ಇಲ್ಲ ಅಣ್ಣ. ನಾನೇ ಬಿಟ್ಟಿದ್ದು." ಮಗಳ ಕಡೆ ತಿರುಗಿದಳು. "ನೀವೆಲ್ಲ ಕಾರಲ್ಲಿ ಕೂತ್ಮೇಲೆ ಹಿಂದಿನ ಬಾಗಿಲಿಗೆ ಒಬ್ಬರು ಬಂದ್ರು. ಹಿಂದಿನ ದಿನ ಗುಡಾರ ತಗೊಂಡು ಹೋದೋರು. ಗಾಡಿಗೆ ತುಂಬೋವಾಗ ಕೋಲು ಮುರೀತಂತೆ. ಬೇರೆ ಕೋಲಿರೋ ಕಪಾಟಿಗೆ ಬೀಗ ಹಾಕಾಗಿತ್ತು. ಅಣ್ಣ ಹೊತ್ತಿದ್ದು ಬಟ್ಟೆ, ಗೂಟ. ಕೋಲಿನ ಚೀಲ ನನ್ನ ಕೈಲೇ ಇತ್ತು. ಅದರಿಂದ ಒಂದು ತೆಗೆದುಕೊಟ್ಟೆ. ಕಪಾಟು ತೆಗೆದು ಬೇರೆ ಸೇರಿಸೋಣ ಅಂತ ಚೀಲ ಬಾಗಿಲ ಹಿಂದಿನ ಮೊಳೆಗೆ ತಗುಲಿಹಾಕಿದೆ. ಅಷ್ಟರಲ್ಲಿ ನೀನು ಹಾರ್ನು ಹೊಡ್ದೆ."

ಅಳಿಯ ಬೀಗದ ಕೈಯನ್ನು ಬೆರಳಿನಲ್ಲಿ ತಿರುಗಿಸುತ್ತಾ, "ಹೋಗಿ ತಂದುಬಿಡ್ಲಾ? ಹೋಗಿ ಬರೋಕೆ ನಾಲ್ಕು ಗಂಟೆ ಬೇಕಾಗ್ಬಹುದು" ಎಂದು ಯಾರಿಗೂ ಅಲ್ಲದಂತೆ ಕೇಳಿದ. ಮಗಳು ಬೆನ್ನು ತಿರುಗಿಸಿ ನೀರಿನ ಕಡೆ ನಡೆದುಬಿಟ್ಟಳು.

ಗುಡಾರದಕ್ಕ ಹಾಳೆಯ ಮೇಲೆ ಕುಕ್ಕರಿಸಿದಳು. ನೂರಾರು ಸಂಸಾರಗಳನ್ನು ಗದರಿಸಿದ ಆ ಹೆಂಗಸು ಗೂಟಗಳನ್ನು ಒಂದೊಂದೇ ಎತ್ತಿ ಚೀಲಕ್ಕೆ ಹಾಕತೊಡಗಿದಳು. "ವಾಪಸ್ ಹೋಗೋಣ ಅಣ್ಣ. ಅವಳು ಹೇಳಿದ್ದೇ ಸರಿ ಆಯ್ತು" ಎಂದಳು.

ಸ್ವಲ್ಪ ಹೊತ್ತಿಗೆ ಮಗಳು ಹಿಂದಿರುಗಿ ಬಂದಳು. ನಿಂತುಕೊಂಡೇ ಕೇಳಿದಳು, "ಅವರ ಜೊತೆ ಮಕ್ಕಳಿದ್ರಾ?"

"ಒಂದು ಹುಡುಗಿ. ನಮ್ಮ ಪಟಾಕಿಯಷ್ಟೇ. ಹಗಲು ಹೊತ್ತಲ್ಲೇ ಟಾರ್ಚು ಹಚ್ಕೊಂಡು ಗಾಡೀಲಿ ಕೂತಿತ್ತು. ಇಳಿ ಅಂದ್ರೆ ಅಳು."

ಮಗಳು ಕೆರೆಯನ್ನು ನೋಡಿದಳು, ತನ್ನ ಮಗುವನ್ನು ನೋಡಿದಳು. "ಕೊಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಬಾಗಿಲಿಗೆ ಬಂದು 'ಲೇ, ಬೇರೆ ಕೋಲು ತೆಗಿ ಬಾ' ಅಂತ ಒಂದು ಕೂಗು ಹಾಕಿದ್ರೆ ನಾನು ಇಳಿದು ಬರ್ತಿರಲಿಲ್ವಾ? ಕೂತ್ಕೋ ಕೂತ್ಕೋ ಅಂತ ಕೂರಿಸಿಬಿಟ್ಟೆ. ನಾನೂ ನೆಂಟರ ಹಾಗೆ ಕೂತು ಹಾರ್ನು ಹೊಡ್ದೆ."

"ನಿನ್ನ ಕೈಲಿ ಮತ್ತೆ ಗುಡಾರ ಮುಟ್ಟಿಸಬಾರದು ಅಂತ..." ಅಮ್ಮನ ಮಾತು ಅರ್ಧಕ್ಕೆ ನಿಂತಿತು.

"ಅಪ್ಪನ ಹಗ್ಗ ತಂದಿದೀಯಾ?"

ತರದೆ ಇರುತ್ತಾಳೆಯೇ. ಆ ಹಗ್ಗವಿಲ್ಲದೆ ಅವಳು ಊರಾಚೆ ಕಾಲಿಟ್ಟವಳಲ್ಲ. ಮಗಳು ಅದನ್ನು ಬಿಚ್ಚಿ, ಹತ್ತಿರದ ಎರಡು ಮರ ನೋಡಿ, ಗುಡಾರದ ನೆತ್ತಿಯಲ್ಲಿ ಕೋಲು ತೂರಿಸುವ ಹೊಲಿಗೆಯೊಳಗೆ ಹಗ್ಗ ತೂರಿಸಿದಳು. ಒಂದು ತುದಿ ಆ ಮರಕ್ಕೆ. ಇನ್ನೊಂದು ತುದಿಯನ್ನು ಈ ಮರಕ್ಕೆ ಸುತ್ತಿ, ಹಗ್ಗದಲ್ಲೇ ಒಂದು ಕುಣಿಕೆ ಮಾಡಿ, ಅದರೊಳಗೆ ತುದಿ ತೂರಿಸಿ, ಕಾಲು ಊರಿ ಹಿಂದಕ್ಕೆ ಜಗ್ಗಿದಳು. ಲಾರಿಯವರು ಸರಕಿನ ಮೇಲೆ ಹಾಕುವ ಗಂಟು. ಏಳು ವರ್ಷದವಳಿದ್ದಾಗ ಅಪ್ಪ ಕಲಿಸಿದ್ದನ್ನು ಕೈ ಮರೆತಿರಲಿಲ್ಲ. ಬಟ್ಟೆ ನೆಲಬಿಟ್ಟು ಎದ್ದು ನಿಂತಿತು.

"ಗೂಟದ ತಲೆ..." ಎಂದು ಗುಡಾರದಕ್ಕ ಎದ್ದಳು.

"ಆಚೆಗೆ. ಗೊತ್ತಮ್ಮ. ನೀನು ಆ ಮೂಲೆ ಹಿಡಿ. ಮಾವ, ನೀವು ಈ ಕಡೆ. ರೀ, ಆಕಾಶ ನೋಡಿದ್ದು ಸಾಕು, ಗೂಟ ಹೊಡೀರಿ."

ಅಳಿಯ ಹೊಡೆದ ಮೊದಲ ಗೂಟ ಬಾಗಿತು. ಪಟಾಕಿ ಅಡುಗೆ ಸಾಮಾನಿನ ಪೆಟ್ಟಿಗೆ ಮೇಲೆ ಕಾಲು ಇಳಿಬಿಟ್ಟು ಕೂತು, "ಅದರಲ್ಲೇನು ವಿದ್ಯೆ ಇದೆ ಅಪ್ಪ?" ಎಂದಳು. ಅಜ್ಜಿಯ ಅಂಗಡಿಯಲ್ಲಿ ಯಾವಾಗ ಕೇಳಿಸಿಕೊಂಡಿದ್ದಳೋ!

ಕೊನೆಯ ಗೂಟ ಇಳಿಯುವುದಕ್ಕೂ ಮಳೆ ಬೀಳುವುದಕ್ಕೂ ಸರಿಹೋಯಿತು. ಎಲ್ಲರೂ ಒಳಗೆ ನುಗ್ಗಿದೆವು. ನುಗ್ಗಿದ ಮೇಲೆ ತಿಳಿಯಿತು, ಹೊಲಿಗೆಯ ಸಾಲಿಗುಂಟ ಹನಿ ತೊಟ್ಟಿಕ್ಕುತ್ತಿದೆ. ಅದರಲ್ಲೊಂದು ಅಳಿಯನ ಬೋಳು ನೆತ್ತಿಯ ಮೇಲೆ ಗುರಿ ಇಟ್ಟು ಬೀಳುತ್ತಿತ್ತು.

"ಅಮ್ಮ," ಎಂದಳು ಮಗಳು, "ಇದಕ್ಕೆ ನೀರು ಬಿಟ್ಟು ನೋಡಿದ್ಯಾ?"

ಗುಡಾರದಕ್ಕ ತಲೆ ತಗ್ಗಿಸಿದಳು. ಹತ್ತಿಯ ಬಟ್ಟೆಗೆ ಹೊಸದರಲ್ಲಿ ಒಂದೆರಡು ಸಲ ನೀರು ಕುಡಿಸಬೇಕು. ನೂಲು ಉಬ್ಬಿ ಸೂಜಿಯ ತೂತು ಮುಚ್ಚಿಕೊಳ್ಳುವುದು ಆಗಲೇ. ಊರಿಗೆಲ್ಲ ಅದನ್ನು ಹೇಳಿದವಳು ತನ್ನ ಮನೆಯ ಗುಡಾರವನ್ನು ಒಣಗಿದ್ದ ಹಾಗೇ ಮಡಿಸಿ ತಂದಿದ್ದಳು.

"ಊರೋರಿಗೆಲ್ಲ ಪೈಪು, ನಮಗೆ ಆಕಾಶ!" ಎಂದು ಮಗಳು ನಗತೊಡಗಿದಳು. ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗು ಕೇಳಿ ಎಷ್ಟು ವರ್ಷವಾಗಿತ್ತೋ, ಗುಡಾರದಕ್ಕ ಬಾಯಿ ತೆರೆದು ನೋಡುತ್ತಾ ಕೂತಳು. ಪಟಾಕಿ ಮೇಲಕ್ಕೆ ಬೆರಳು ಚಾಚಿದಾಗ ಅಮ್ಮ ಮಗಳು ಇಬ್ಬರೂ ಒಂದೇ ಉಸಿರಿಗೆ "ಮುಟ್ಟಬೇಡ!" ಎಂದು ಕೂಗಿದರು. ಒದ್ದೆ ಬಟ್ಟೆಗೆ ಒಳಗಿಂದ ಬೆರಳು ತಾಗಿದರೆ ಅಲ್ಲಿಂದಲೇ ಸೋರುತ್ತದೆ. ಹನಿ ಬೀಳುವ ಕಡೆ ಲೋಟಗಳನ್ನಿಟ್ಟೆವು. ಗಳಿಗೆ ಕಳೆದಂತೆ ಹನಿಗಳು ದೂರದೂರವಾಗಿ, ಆಮೇಲೆ ನಿಂತೇಹೋದವು.

ಒಣ ಚೀಲಗಳು ಹೊರಬಂದವು. ಮಗಳದು ಹಸಿರು ದಾರ. ಚಿಕ್ಕಂದಿನಲ್ಲಿ ಅವಳ ಶಾಲೆಯ ಚೀಲಕ್ಕೂ, ಊಟದ ಡಬ್ಬಿಗೂ ಅಮ್ಮ ಕಟ್ಟುತ್ತಿದ್ದದ್ದು ಅದೇ ಬಣ್ಣ. ಅವಳು ದಾರವನ್ನು ಹಲ್ಲಿನಿಂದ ಕಡಿಯದೆ ಮೆಲ್ಲಗೆ ಬಿಚ್ಚಿ ಕೈಬೆರಳಿಗೆ ಸುತ್ತಿಕೊಂಡಳು. ಚಹಾಕ್ಕೆ ಒಲೆ ಒಳಗೇ ಹಚ್ಚಿಬಿಡೋಣ ಎಂದ ಅಳಿಯನನ್ನು ಈ ಸಲ ನಾನು ಗದರಿದೆ. ಮುಚ್ಚಿದ ಗುಡಾರದಲ್ಲಿ ಒಲೆಯ ವಿಷಗಾಳಿ ಕಣ್ಣಿಗೂ ಕಾಣದು, ಮೂಗಿಗೂ ಹತ್ತದು, ಕೂತವರನ್ನು ಕೂತಲ್ಲೇ ಮಲಗಿಸಿಬಿಡುತ್ತದೆ. ಮಳೆ ನಿಂತ ಮೇಲೆ ಹೊರಗೆ ಕಲ್ಲಿನ ಮರೆಯಲ್ಲಿ ಹಚ್ಚಿ ಕುದಿಸಿದೆ. ಅಷ್ಟು ರುಚಿಯ ಚಹಾ ನಾನು ಮತ್ತೆ ಮಾಡಿದ್ದಿಲ್ಲ.

ಎರಡು ದಿನವೂ ಇದ್ದೆವು. ಹೊರಡುವಾಗ ಪಟಾಕಿ ಕಾರಿನ ಬಾಗಿಲಲ್ಲಿ ಕೈ ಅಡ್ಡವಿಟ್ಟು ನಿಂತಳು.

"ಬಟ್ಟೆ?"

ಅಜ್ಜಿ ಚೀಲ ಬಿಚ್ಚಿ ತೋರಿಸಿದಳು. "ಇದೆ."

"ಗೂಟ?"

"ಇದೆ. ಒಂದು ನಿಮ್ಮಪ್ಪನ ಹಾಗೆ ಸ್ವಲ್ಪ ಬಾಗಿದೆ."

"ಕೋಲು?"

"ಮೊಳೆ ಮೇಲಿದೆ ತಾಯಿ" ಎಂದು ಅಜ್ಜಿ ಕೈಮುಗಿದಳು.

ಗುಡಾರದ ಬಟ್ಟೆ ಇನ್ನೂ ಹಸಿಯಾಗಿತ್ತು. ಊರಿಗೆ ಬಂದವರೇ ಅಂಗಳದಲ್ಲಿ ಗುಡಾರ ಹರವಿದರು. ಮಗಳು ಬ್ಯಾಗನ್ನು ಡ್ರಮ್ಮಿನ ಮೇಲೆ ಎಸೆದು, ಸೆರಗು ಸಿಕ್ಕಿಸಿ, ಎರಡು ಮೂಲೆ ಹಿಡಿದಳು. ಎದುರಿನ ಎರಡು ಮೂಲೆ ಅಮ್ಮ. ಒದರಿದಾಗ ಕೆರೆಯ ಸಣ್ಣ ಮರಳು, ನಾಲ್ಕು ಒದ್ದೆ ಎಲೆ, ಒಂದು ಬಿಳಿ ಗರಿ ಗಾರೆಯ ಮೇಲೆ ಉದುರಿದವು. ಕಸಪೊರಕೆ ಹಿಡಿದು ಗುಡಾರದಕ್ಕ ಬಗ್ಗಿದಳು.

"ಇರಮ್ಮ, ಗುಡಿಸಬೇಡ" ಎಂದಳು ಮಗಳು. ಮರಳನ್ನು ಅಂಗೈಗೆ ಬಳಿದುಕೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬೆಂಕಿಪೊಟ್ಟಣದ ಖಾಲಿ ಡಬ್ಬಿಗೆ ಅದನ್ನೂ ಗರಿಯನ್ನೂ ಹಾಕಿ ಪಟಾಕಿಯ ಕೈಗೆ ಕೊಟ್ಟು, "ಶಾಲೇಲಿ ರಜೆ ಬಗ್ಗೆ ಬರೀ ಅಂದ್ರೆ ಬೇಕಾಗುತ್ತೆ" ಎಂದಳು.

ಅಂದು ಅವಳು ಗಡಿಯಾರ ನೋಡಲಿಲ್ಲ. ಬಟ್ಟೆ ಪೂರ್ತಿ ಒಣಗುವವರೆಗೆ ಇದ್ದು, ಅಮ್ಮನ ಜೊತೆ ಮಡಿಸಿ, ಕಾರು ಹತ್ತುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಮುಂದಿನ ರಜೆಗೆ ಮೂರು ದಿನ ಬರ್ತೀವಮ್ಮ."

"ಎರಡಕ್ಕೇ ಹೀಗಾಯ್ತು, ಮೂರು ದಿನ ಏನು ಮಾಡ್ತೀಯೇ?"

"ಮೊದಲ್ನೇ ದಿನ ನಿನಗೆ ತಾಲೀಮು. ಪೈಪು ನಾನು ಹಿಡೀತೀನಿ."